ನಿಕಾನೊರ್ ತಿಂದದ್ದು ಮೀನೇ?

ಹೊಸ ಪಾದ್ರಿ ಗೌದೆನ್ಸಿಯೊ ಅವರು ಬೂದಿ ಬುಧವಾರದ ಮಧ್ಯಾಹ್ನ ಕಸಿಲ್ದಾಳ ಮನೆಯಲ್ಲಿ ಮೂರು ತಟ್ಟೆ ಮೀನು ತಿಂದು, ಬೆರಳು ನೆಕ್ಕಿಕೊಂಡು, "ಇದು ಯಾವ ಮೀನಮ್ಮ?" ಎಂದು ಕೇಳಿದ್ದೇ ಎಲ್ಲ ಅನರ್ಥಕ್ಕೂ ಮೂಲವಾಯಿತು. ತಿಂದವರು ಕೈ ತೊಳೆದುಕೊಂಡು ಎದ್ದು ಹೋಗಬೇಕು. ಕುಲಗೋತ್ರ ವಿಚಾರಿಸಬಾರದು. ಆದರೆ ಅವರು ಬೆಟ್ಟದ ಸೀಮೆಯವರು, ತಣ್ಣೀರಿನ ಮೀನು ತಿಂದು ಬೆಳೆದವರು, ಬಯಲಿಗೆ ಬಂದು ತಿಂಗಳೂ ಆಗಿರಲಿಲ್ಲ. ಪಾಪ, ಅವರಿಗೇನು ಗೊತ್ತು.

ಕೇಳಿದ ಮೇಲೆ ಕಸಿಲ್ದಾ ತೋರಿಸದೆ ಬಿಡುತ್ತಾಳೆಯೆ? ಹಿತ್ತಿಲ ಬಾಗಿಲು ತೆಗೆದು, ತೊರೆಯ ದಡಕ್ಕೆ ಕರೆದುಕೊಂಡು ಹೋಗಿ, "ಅಗೋ ಸ್ವಾಮಿ, ಅಲ್ಲಿ ಕೂತಿದೆಯಲ್ಲ, ಅದೇ" ಎಂದಳು. ಕೆಸರಿನಲ್ಲಿ ಚಿಗ್ವಿರೆಯೊಂದು ಕೂತು ಮರಿಗಳಿಗೆ ಹಾಲು ಕುಡಿಸುತ್ತಿತ್ತು. ಮೈತುಂಬ ಕಂದು ಕೂದಲು, ನಾಲ್ಕು ಕಾಲು, ಇಲಿಯದೇ ಮುಖ, ಗಾತ್ರ ಮಾತ್ರ ಹಂದಿಯದು.

ಪಾದ್ರಿಗಳು ಬಹಳ ಹೊತ್ತು ನೋಡಿದರು. "ಮೀನು ಹಾಲು ಕುಡಿಸ್ತದಾ ಅಮ್ಮ?"

"ಇದು ಕುಡಿಸ್ತದೆ" ಎಂದಳು ಕಸಿಲ್ದಾ.

ನಮ್ಮ ಆಪೂರೆ ಹೊಳೆಯ ಬಯಲಿನಲ್ಲಿ ತಪಸ್ಸು ಕಾಲದ ನಲವತ್ತು ದಿನ ದನವಾಗಲಿ ಕೋಳಿಯಾಗಲಿ ಮಾಂಸ ಮುಟ್ಟುವಂತಿಲ್ಲ, ಮೀನಾದರೆ ಅಡ್ಡಿಯಿಲ್ಲ. ಚಿಗ್ವಿರೆ ತಿನ್ನಬಹುದು, ಏಕೆಂದರೆ ಅದು ಮೀನು. ನೀರಿನಲ್ಲಿ ಬಿದ್ದಿರುತ್ತದೆ, ಆದ್ದರಿಂದ ಮೀನು. ಯಾವುದೋ ಕಾಲದಲ್ಲಿ ರೋಮಿನಿಂದಲೇ ಅಪ್ಪಣೆಯಾಗಿದೆಯಂತೆ. ಆ ಅಪ್ಪಣೆಯನ್ನು ಕಣ್ಣಾರೆ ಕಂಡವರು ಯಾರೂ ಇಲ್ಲ, ಬೇಡವೆಂದವರೂ ಇಲ್ಲ. ಇಷ್ಟು ಸರಳವಾದ ವಿಷಯವನ್ನು ಆ ಪುಣ್ಯಾತ್ಮರು ನಾಲ್ಕು ವಾರ ಮನಸ್ಸಿನಲ್ಲಿಟ್ಟುಕೊಂಡು, ತಪಸ್ಸು ಕಾಲದ ಐದನೆಯ ಭಾನುವಾರ ಬಲಿಪೂಜೆಯ ನಡುವೆ ಎತ್ತಿಕೊಂಡರು. ಚಿಗ್ವಿರೆ ಮೀನಲ್ಲ, ಅದೊಂದು ಕೊಬ್ಬಿದ ಇಲಿ. ತಪಸ್ಸು ಕಾಲದಲ್ಲಿ ಅದನ್ನು ತಿಂದವರು ಮಾಂಸ ತಿಂದಂತೆ, ಅದೂ ಶುಭ ಶುಕ್ರವಾರ ತಿಂದವರು ದೇವರಿಗೇ ಉತ್ತರ ಹೇಳಬೇಕು ಎಂದು ಬೆವರು ಒರೆಸಿಕೊಳ್ಳುತ್ತ ಹೇಳಿದರು. ಹೇಳುವಾಗ ಅವರ ಕೈ ಹೊಟ್ಟೆಯ ಮೇಲಿತ್ತು. ತಾವೇ ತಿಂದ ಮೂರು ತಟ್ಟೆ ಅವರನ್ನು ಕಾಡುತ್ತಿತ್ತು ಎಂಬುದು ಮೊದಲ ಸಾಲಿನಲ್ಲಿ ಕೂತವರಿಗೆಲ್ಲ ತಿಳಿಯಿತು.

ಊರಿನ ಬೇರೆಯವರಿಗೆ ಇದು ಬಾಯಿರುಚಿಯ ತಕರಾರು, ಅಷ್ಟೆ. ಕಸಿಲ್ದಾಳಿಗೆ ಹಾಗಲ್ಲ. ಆಕೆಯ ಗಂಡ ನಿಕಾನೊರ್ ಸತ್ತದ್ದು ಶುಭ ಶುಕ್ರವಾರದ ದಿನ, ಜೋಲಿಯಲ್ಲಿ ಒರಗಿ, ಚಿಗ್ವಿರೆಯ ತಟ್ಟೆಯನ್ನು ಹೊಟ್ಟೆಯ ಮೇಲಿಟ್ಟುಕೊಂಡು. ಬಾಯಲ್ಲಿ ತುತ್ತು ಹಾಗೆಯೇ ಇತ್ತು. ಅವತ್ತು ಆಕೆ ಎದೆ ಬಡಿದುಕೊಂಡು ಅತ್ತಾಗ ಹಳೆಯ ಪಾದ್ರಿಗಳು, ಅವರ ಆತ್ಮ ತಣ್ಣಗಿರಲಿ, ತಲೆಯ ಮೇಲೆ ಕೈಯಿಟ್ಟು ಹೇಳಿದ್ದರು: "ಯಾಕೆ ಅಳ್ತೀಯಾ ಹುಚ್ಚಿ? ಯೇಸುಸ್ವಾಮಿ ಸತ್ತ ದಿನಾನೇ, ಉಪವಾಸದ ಊಟ ಬಾಯಲ್ಲಿರುವಾಗ್ಲೇ ಹೋದ. ಎಲ್ಲೂ ನಿಲ್ಲದೆ ನೆಟ್ಟಗೆ ಮೇಲಕ್ಕೆ ಹೋಗಿರ್ತಾನೆ." ಆ ಮಾತಿನ ಮೇಲೆಯೇ ಆಕೆ ಇಷ್ಟು ವರ್ಷ ಬದುಕಿದ್ದಳು. ಬೇರೆ ವಿಧವೆಯರಿಗೆ ಗಂಡ ಎಲ್ಲಿದ್ದಾನೋ ಎಂಬ ಚಿಂತೆ. ಕಸಿಲ್ದಾಳಿಗೆ ವಿಳಾಸ ಗೊತ್ತಿತ್ತು.

ಈಗ ಆ ವಿಳಾಸವೇ ತಪ್ಪಿಹೋಯಿತು. ತಟ್ಟೆಯಲ್ಲಿದ್ದದ್ದು ಮಾಂಸವಾದರೆ ನಿಕಾನೊರ್ ಸತ್ತದ್ದು ಶುಭ ಶುಕ್ರವಾರ, ಬಾಯಲ್ಲಿ ಮಾಂಸ ಇಟ್ಟುಕೊಂಡು, ಪಾಪನಿವೇದನೆಯೂ ಇಲ್ಲದೆ. ಅದೂ ಆಕೆಯ ಕೈಯಡುಗೆ. ಭಾನುವಾರ ರಾತ್ರಿಯಿಂದ ಆಕೆಗೆ ಅನ್ನ ಸೇರಲಿಲ್ಲ. ಸೋಮವಾರ ಬೆಳಿಗ್ಗೆ ತಲೆಗೆ ಕಪ್ಪು ಮುಸುಕು ಹಾಕಿಕೊಂಡು ಇಗರ್ಜಿಗೆ ಹೋಗಿ, ಬೆಂಚು ಒರೆಸುತ್ತಿದ್ದ ಪಾದ್ರಿಗಳ ಎದುರು ನಿಂತಳು.

"ಸ್ವಾಮೀ, ನನ್ನ ಗಂಡ ಈಗ ಎಲ್ಲಿದ್ದಾನೆ?"

"ನನಗೆ ಹೇಗೆ ಗೊತ್ತಾಗಬೇಕಮ್ಮ? ಮನೇಲಿ ಇಲ್ವಾ?"

"ಸತ್ತು ಹೋಗಿದ್ದಾನೆ."

ಪಾದ್ರಿಗಳು ಒರೆಸುವ ಬಟ್ಟೆ ಕೆಳಗಿಟ್ಟರು. ಆಕೆ ಎಲ್ಲವನ್ನೂ ಹೇಳಿದಳು. ಕೇಳುತ್ತ ಕೇಳುತ್ತ ಅವರ ಮುಖ ಇಳಿಯಿತು. ಅವರು ಕೆಟ್ಟವರಲ್ಲ, ಅನುಭವ ಸಾಲದವರು, ಅಷ್ಟೆ. "ತಿಳೀದೆ ತಿಂದ್ರೆ ಅಂಥ ದೊಡ್ಡ ಪಾಪ ಏನಲ್ಲ ಅಮ್ಮ. ಮೀನು ಅಂದ್ಕೊಂಡೇ ತಿಂದಿರ್ತಾನೆ" ಎಂದು ಒಂದು ದಾರಿ ತೋರಿಸಿದರು.

ಕಸಿಲ್ದಾ ಸುಮ್ಮನೆ ಆ ದಾರಿ ಹಿಡಿಯಬಹುದಿತ್ತು. ಹಿಡಿಯಲಿಲ್ಲ. "ಅವನಿಗೆ ತಿಳೀದೇ ಇರೋದಾ? ಜೀವಮಾನ ಎಲ್ಲ ಅದನ್ನೇ ಬೇಟೆ ಆಡ್ದೋನು ಸ್ವಾಮಿ. ಹೊಟ್ಟೆ ಸೀಳಿದಾಗ ಒಳಗೆ ಮರಿ ಕಂಡ್ರೆ ಶಿಲುಬೆ ಗುರುತು ಹಾಕ್ಕೊಳ್ಳೋನು. ಮೊಟ್ಟೆ ಒಂದಾದ್ರೂ ಕಂಡಿದ್ನಾ?"

ಪಾದ್ರಿಗಳಿಗೆ ಬಿಸಿ ತುಪ್ಪ ಬಾಯಿಗೆ ಹಾಕಿಕೊಂಡಂತಾಯಿತು. ನುಂಗುವಂತಿಲ್ಲ, ಉಗುಳುವಂತಿಲ್ಲ. ಕೊನೆಗೆ ದನಿ ತಗ್ಗಿಸಿ ಹೇಳಿದರು: "ನೋಡಿ ಅಮ್ಮ, ಪ್ರಾಣಿಗಳ ಸಂಬಂಧ ಬಲ್ಲೋರು ಯಾರಾದ್ರೂ ಬಂದು, ಇದು ಮೀನೇ ಅಂತ ಎಲ್ಲರೆದುರಿಗೆ ಹೇಳ್ಲಿ. ನಾನು ನನ್ನ ಮಾತು ವಾಪಸು ತಗೋತೀನಿ. ನಿಮಗಿಂತ ಮೊದಲು ನೆಮ್ಮದಿ ಆಗೋದು ನನಗೇ."

ಅಂಥವನೊಬ್ಬ ಊರಿನಲ್ಲಿದ್ದ. ಊರಂಚಿನಲ್ಲಿ ತಗಡಿನ ಸೂರಿನ ಕೆಳಗೆ, ಸೀಸೆಗಳಲ್ಲಿ ಸತ್ತ ಜೀವಗಳನ್ನು ಇಟ್ಟುಕೊಂಡು ಕೂತಿದ್ದ ಎವೆಲಿಯೊ ಲಾಂದಾಯೆತಾ. ಕರಾಕಸ್‌ನಲ್ಲಿ ಓದಿದ ಡಾಕ್ಟರ್. ಊರಿನವರು ಮೊದಲು ಅವನಿಗೆ ನಾಲಿಗೆ ಚಾಚಿ ತೋರಿಸಿ ಜ್ವರದ ಮಾತ್ರೆ ಕೇಳುತ್ತಿದ್ದರು. ತಾನು ಅಂಥ ಡಾಕ್ಟರ್ ಅಲ್ಲವೆಂದು ಹೇಳಿ ಹೇಳಿ ಸಾಕಾಗಿ, ಈಗ ಮಾತ್ರೆಯನ್ನೇ ಕೊಡುತ್ತಿದ್ದ. ಅವನ ನಿಜವಾದ ಕೆಲಸ ಯಾವ ಪ್ರಾಣಿ ಯಾವುದಕ್ಕೆ ಅಣ್ಣತಮ್ಮ, ಯಾವುದಕ್ಕೆ ದೂರದ ದಾಯಾದಿ ಎಂದು ಪತ್ತೆ ಹಚ್ಚುವುದು. ಸರ್ಕಾರ ಇದಕ್ಕೂ ಸಂಬಳ ಕೊಡುತ್ತದೆ. ಅವನಿಗೆ ಎರಡು ಹೊತ್ತು ಅಡುಗೆ ಮಾಡಿ ಹಾಕುವವಳು ಕಸಿಲ್ದಾಳೇ. ತಲೆಬುರುಡೆಗಳ ಮಾಂಸ ಬಿಡಿಸಲು ಅವುಗಳನ್ನು ಕುದಿಸಿಕೊಡುವವಳೂ ಅವಳೇ. ಎರಡಕ್ಕೂ ಪಾತ್ರೆ ಬೇರೆಬೇರೆ ಎಂದು ಆಕೆ ಆಣೆಯಿಟ್ಟು ಹೇಳುತ್ತಾಳೆ, ನಾವು ನಂಬಿದ್ದೇವೆ.

"ಡಾಕ್ಟ್ರೇ, ಚಿಗ್ವಿರೆ ಮೀನು ಅಂತ ಹೇಳಿ" ಎಂದಳು ಬಾಗಿಲಲ್ಲೇ ನಿಂತು.

"ಅಲ್ಲವಲ್ಲ ಅಮ್ಮ."

"ಹೌದಾ ಅಲ್ವಾ ಅಂತ ನಾನು ಕೇಳ್ಲಿಲ್ಲ. ಹೇಳಿ ಅಂದೆ."

ಎವೆಲಿಯೊಗೆ ಒಂದು ರೋಗವಿತ್ತು: ಸುಳ್ಳು ಹೇಳಲು ಬರುತ್ತಿರಲಿಲ್ಲ. ಇನ್ನೊಂದೂ ಇತ್ತು: ಯಾರಾದರೂ ಕೇಳಿದರೆ ಅರ್ಧಕ್ಕೆ ನಿಲ್ಲಿಸಲು ಬರುತ್ತಿರಲಿಲ್ಲ. ಆಕೆಗೆ ಮೊಣಕಾಲೆತ್ತರದ ಸ್ಟೂಲು ಕೊಟ್ಟು ಕೂರಿಸಿದ.

"ನೀರಲ್ಲಿರುತ್ತೆ ಅಂದ ಮಾತ್ರಕ್ಕೆ ಮೀನಾಗಲ್ಲ ಅಮ್ಮ."

"ನೀರಲ್ಲಿರೋದಷ್ಟೇ ಅಲ್ಲ. ಕಣ್ಣು, ಮೂಗು, ಕಿವಿ ಎಲ್ಲ ನೆತ್ತಿ ಮೇಲಿವೆ, ಮೊಸಳೆ ಥರ. ನೀರಲ್ಲಿ ಮುಳುಗಿ ಮೂಗು ಮಾತ್ರ ಹೊರಗಿಟ್ಟಿರುತ್ತೆ."

"ನಮ್ಮೂರಲ್ಲಿ ದನ ಕಾಯೋರನ್ನ ನೋಡಿ. ಹುಟ್ಟಿದಾಗಿಂದ ಕುದುರೆ ಮೇಲಿದ್ದು ಎಲ್ಲರಿಗೂ ಕಾಲು ಬಿಲ್ಲಿನ ಹಾಗೆ ಬಾಗಿವೆ. ಹಾಗಂತ ಎಲ್ಲರೂ ಒಬ್ಬನ ಮಕ್ಕಳಾ?"

ಕಸಿಲ್ದಾ ಸ್ವಲ್ಪ ಯೋಚಿಸಿದಳು. "ಎಲ್ಲರೂ ಅಲ್ಲ."

"ಸರಿ. ಬದುಕು ಒಂದೇ ಥರ ಇದ್ರೆ ಮೈನೂ ಒಂದೇ ಥರ ಆಗುತ್ತೆ. ಅದು ಸಂಬಂಧಕ್ಕೆ ಸಾಕ್ಷಿ ಅಲ್ಲ. ಇನ್ನೊಂದು ಕೇಳಿ. ನಿಮಗೆ ಎರಡು ಕಣ್ಣು, ನನಗೂ ಎರಡು. ಅಂದ್ರೆ ನಾವಿಬ್ಬರೂ ಒಂದೇ ಮನೆಯವರಾ? ಇಲ್ಲ. ಎರಡು ಕಣ್ಣು ಎಲ್ಲರಿಗೂ ಇದೆ, ಹಳೇ ಆಸ್ತಿ ಅದು. ಆದ್ರೆ ಸೋಲೊರ್ಸಾನೊ ಮನೆಯವರಿಗೆ ಆರು ಬೆರಳು. ಸಂತೇಲಿ ಆರು ಬೆರಳಿನ ಒಂದು ಮಗು ಸಿಕ್ಕಿದ್ರೆ ಎಲ್ಲಿಗೆ ತಗೊಂಡು ಹೋಗಿ ಬಿಡ್ತೀರಿ?"

"ಸೋಲೊರ್ಸಾನೊ ಮನೆಗೆ. ಅವರು ಬೇಡ ಅಂತಾರೆ, ಆದ್ರೂ ಅಲ್ಲಿಗೇ."

"ಅಷ್ಟೇ ನಮ್ಮ ವಿದ್ಯೆ. ಯಾವುದೋ ಒಬ್ಬ ಅಜ್ಜನಲ್ಲಿ ಹೊಸದಾಗಿ ಬಂದು, ಅವನ ಪೀಳಿಗೆಗೆ ಮಾತ್ರ ಇಳಿದು ಬಂದಿರೋದನ್ನ ಹುಡುಕಬೇಕು. ಹೊಸದೋ ಹಳೇದೋ ಅಂತ ಅನುಮಾನ ಬಂದ್ರೆ ಆಚೆ ದಡದ ಊರಿನೋರನ್ನ ಹೋಗಿ ನೋಡಬೇಕು. ಅವರಿಗೂ ಇದ್ರೆ ಹಳೇದು, ಅದರಿಂದ ಏನೂ ಉಪಯೋಗ ಇಲ್ಲ."

"ಅವರಿಂದ ಯಾವತ್ತು ಉಪಯೋಗ ಆಗಿದೆ" ಎಂದಳು ಕಸಿಲ್ದಾ. ಆಚೆ ದಡದವರ ಬಗ್ಗೆ ನಮಗೆಲ್ಲ ಇರುವ ಅಭಿಪ್ರಾಯವೇ ಅದು.

ಎವೆಲಿಯೊ ಮುಂದುವರಿಸಿದ. ಮೈಯ ಗುರುತು ಸಾಲದಿದ್ದರೆ ರಕ್ತ ಇದೆ. ಅಮ್ಮ ಮಗಳಿಗೆ ಜಪ ಹೇಳಿಕೊಡುತ್ತಾಳೆ, ಮಗಳು ಅವಳ ಮಗಳಿಗೆ. ಒಬ್ಬಳು ಒಂದು ಸಾಲು ಬಿಟ್ಟರೆ ಅವಳಿಂದ ಕಲಿತವರೆಲ್ಲ ಅದನ್ನೇ ಬಿಡುತ್ತಾರೆ. ಹತ್ತು ಮನೆಯ ಜಪ ಕೇಳಿಸಿಕೊಂಡರೆ ಯಾರು ಯಾರಿಂದ ಕಲಿತರು ಎಂದು ಹೇಳಿಬಿಡಬಹುದು. ರಕ್ತದಲ್ಲೂ ಹಾಗೊಂದು ಉದ್ದ ಜಪ ಇದೆ, ತಾಯಿಯಿಂದ ಮರಿಗೆ ತಪ್ಪುಗಳ ಸಮೇತ ಇಳಿಯುತ್ತದೆ. ಚಿಗ್ವಿರೆಯ ಜಪದಲ್ಲಿರುವ ತಪ್ಪುಗಳು ಗಿನಿ ಇಲಿಯಲ್ಲೂ ಇವೆ, ಕಾಡಿನ ದೊಡ್ಡ ಇಲಿ ಲಾಪಾದಲ್ಲೂ ಕೆಲವಿವೆ. ಬಾಗ್ರೆ ಮೀನಿನಲ್ಲಿ ಇಲ್ಲ. "ಇಲಿಗಳ ಕಡೇದೇ ಅಮ್ಮ ಅದು. ನಾನೇನು ಮಾಡ್ಲಿ?"

ಇಷ್ಟು ದಿನ ತಾನೇ ಕುದಿಸಿ ತೊಳೆದುಕೊಟ್ಟ ಬುರುಡೆಗಳು ಗೋಡೆಯುದ್ದಕ್ಕೂ ಹಲ್ಲು ಕಿರಿದು ಕೂತಿದ್ದವು. ಕಸಿಲ್ದಾ ಅವುಗಳ ನಡುವೆ ಮುಖ ಮುಚ್ಚಿಕೊಂಡು ಅತ್ತುಬಿಟ್ಟಳು. "ಹಾಗಾದ್ರೆ ಅವನು ನರಕದಲ್ಲಿದ್ದಾನೆ. ನಾನೇ ಬಡಿಸಿ ಕಳ್ಸಿದೀನಿ" ಎಂದಳು.

ಎವೆಲಿಯೊಗೆ ಹೆಂಗಸರ ಅಳು ನೋಡಿ ಅಭ್ಯಾಸವಿಲ್ಲ. ಕೋಣೆಯೆಲ್ಲ ಸುತ್ತಾಡಿ, ಒಂದು ಸೀಸೆಯನ್ನು ಎತ್ತಿಕೊಂಡು ಬಂದು ಆಕೆಯ ಮುಂದಿಟ್ಟ. ಒಳಗೆ ಹಾವಿನಂಥದ್ದೊಂದು ಸುರುಳಿ ಸುತ್ತಿತ್ತು. "ಇದನ್ನ ನೋಡಿ ಅಮ್ಮ. ಬ್ರೆಜಿಲ್ ಕಡೇದು. ನೀರು ಬತ್ತಿದ್ರೆ ಕೆಸರೊಳಗೆ ಹೊಕ್ಕೊಂಡು ನಮ್ಮ ಹಾಗೆ ಗಾಳಿ ಉಸಿರಾಡ್ತಾ ಬಿದ್ದಿರುತ್ತೆ. ಇದು ಏನು?"

ಆಕೆ ಮೂಗು ಸೆಳೆದುಕೊಂಡು ನೋಡಿದಳು. "ಮೀನು. ಚೆನ್ನಾಗಿಲ್ಲ, ಆದ್ರೂ ಮೀನು."

"ಬಾಗ್ರೆ?"

"ಮೀನು."

"ಈಗ ಕೇಳಿ. ಈ ಮೀನಿಗೆ ಬಾಗ್ರೆಗಿಂತ ದನ ಹತ್ತಿರದ ಸಂಬಂಧ. ದನ, ಕೋಳಿ, ಕಪ್ಪೆ, ಚಿಗ್ವಿರೆ, ನೀವು, ನಾನು, ನಾವೆಲ್ಲ ಇದರ ದಾಯಾದಿಗಳು. ಬಾಗ್ರೆ ನಮಗೂ ದೂರ, ಇದಕ್ಕೂ ಅಷ್ಟೇ ದೂರ. ಮನೆತನ ಅಂದ ಮೇಲೆ ಅಜ್ಜನ ಎಲ್ಲ ಮೊಮ್ಮಕ್ಕಳೂ ಅದರಲ್ಲಿ ಇರಬೇಕು ತಾನೆ? ಇಬ್ಬರನ್ನ ಒಳಗೆ ಸೇರಿಸ್ಕೊಂಡು, ಒಬ್ಬ ನೀರು ಬಿಟ್ಟು ದಡ ಹತ್ತಿದ ಅಂತ ಅವನನ್ನ ಮಾತ್ರ ಹೊರಗೆ ಹಾಕೋಕಾಗಲ್ಲ. ಆದ್ರಿಂದ ಮೀನು ಅನ್ನೋದು ಒಂದು ಮನೆತನ ಆದ್ರೆ, ಚಿಗ್ವಿರೆನೂ ಅದರೊಳಗೇ. ಇಲ್ಲ ಅಂದ್ರೆ ಮೀನು ಅನ್ನೋ ಮನೆತನಾನೇ ಈ ಭೂಮಿ ಮೇಲೆ ಇಲ್ಲ."

ಕೊನೆಯ ವಾಕ್ಯ ಕಸಿಲ್ದಾಳ ಕಿವಿಗೆ ಬೀಳಲಿಲ್ಲ. ಅದರ ಹಿಂದಿನದೇ ಸಾಕಾಗಿತ್ತು. ಎದ್ದು ಅವನ ಕೆನ್ನೆಗೆ ಮುತ್ತಿಟ್ಟಳು. "ಇದನ್ನೇ ಇಗರ್ಜಿ ಮುಂದೆ ಹೇಳಿ ನನ್ನಪ್ಪ."

ಮುಂದಿನ ಭಾನುವಾರ, ಅಂದರೆ ಗರಿಗಳ ಭಾನುವಾರ, ಪೂಜೆ ಮುಗಿದು ಊರೆಲ್ಲ ತಾಳೆಗರಿ ಹಿಡಿದುಕೊಂಡು ಅಂಗಳದಲ್ಲಿ ನಿಂತಿತ್ತು. ಕಸಿಲ್ದಾ ಎವೆಲಿಯೊನ ತೋಳು ಹಿಡಿದುಕೊಂಡೇ ಬಂದಳು, ತಪ್ಪಿಸಿಕೊಂಡಾನೆಂಬ ಭಯ. ಅವನಿಗೆ ಬರೆಯಲು ಏನಾದರೂ ಬೇಕೆಂದಾಗ ಯಾರೋ ಇದ್ದಿಲು ತಂದುಕೊಟ್ಟರು. ಹಬ್ಬಕ್ಕೆಂದು ಹೊಸದಾಗಿ ಸುಣ್ಣ ಬಳಿದ ಇಗರ್ಜಿಯ ಗೋಡೆಯ ಮೇಲೆ ಅವನು ಒಂದು ಮರ ಬರೆದ. ಬುಡದಲ್ಲಿ ಒಂದು ಗೆರೆ, ಅದು ಕವಲೊಡೆದು ಎರಡು, ಮತ್ತೆ ಕವಲು, ಮತ್ತೆ ಕವಲು. ಪಾದ್ರಿಗಳು ಸುಣ್ಣದ ಗೋಡೆಯನ್ನೊಮ್ಮೆ, ಅವನನ್ನೊಮ್ಮೆ ನೋಡಿದರು. ಒಂದು ಕೊಂಬೆಯ ತುದಿಗೆ ಬಾಗ್ರೆ, ಒಂದಕ್ಕೆ ಕೆಸರುಮೀನು, ಆಮೇಲೆ ಕಪ್ಪೆ, ಕೋಳಿ, ದನ, ಚಿಗ್ವಿರೆ, ಮನುಷ್ಯ.

ಪುರಸಭೆಯ ಅಧ್ಯಕ್ಷರು ಮುಂದೆ ಬಂದು ಬೆರಳಿಟ್ಟು ನೋಡಿದರು. "ಮನುಷ್ಯ ಎಲ್ಲಿ? ಇಲ್ಲೇನಾ? ಕೋಳಿ ಸಾಲಿನಲ್ಲೇನಾ? ಸ್ವಲ್ಪ ಮೇಲಕ್ಕೆ ಬರೀರಿ."

"ಇದರಲ್ಲಿ ಮೇಲೆ ಕೆಳಗೆ ಇಲ್ಲ ಯಜಮಾನ್ರೇ. ಇವತ್ತು ಬದುಕಿರೋರೆಲ್ಲ ತುದೀಲೇ ಇದ್ದೀವಿ. ಕೋಳಿನೂ ಅಷ್ಟೇ ದೂರ ಬಂದಿದೆ, ನೀವೂ ಅಷ್ಟೇ ದೂರ ಬಂದಿದ್ದೀರಿ."

"ನಾನು ಮೂರು ಸಲ ಗೆದ್ದು ಬಂದೋನು" ಎಂದರು ಅಧ್ಯಕ್ಷರು.

ಕಟುಕ ಇಪೋಲಿತೊಗೆ ಮೇಲೆ ಕೆಳಗಿನ ಗೊಡವೆ ಇರಲಿಲ್ಲ. ಅವನು ನಿಕಾನೊರ್‌ನ ಜೀವದ ಗೆಳೆಯ, ತೂಕದಲ್ಲಿ ಎರಡು ಆಳು, ತಪಸ್ಸು ಕಾಲ ಬಂತೆಂದರೆ ಅಂಗಡಿಗೆ ಬೀಗ ಹಾಕಿ ನೊಣ ಹೊಡೆಯುತ್ತ ಕೂರುವವನು. "ಡಾಕ್ಟ್ರೇ, ನನಗೆ ಒಂದೇ ಒಂದು ಮಾತು ಹೇಳಿ. ಚಿಗ್ವಿರೆ ಮೀನಾದ್ರೆ ದನ?"

"ಚಿಗ್ವಿರೆ ಮೀನಾದ್ರೆ ದನವೂ ಮೀನೇ."

ನಮ್ಮ ಸೀಮೆಯವರಿಗೆ ದನದ ಮಾಂಸವೆಂದರೆ ಪ್ರಾಣ. ಮಾಂಸವನ್ನು ಕೋಲಿಗೆ ಚುಚ್ಚಿ ಬೆಂಕಿಯ ಬದಿಗೆ ನಿಲ್ಲಿಸಿದರೆ ಸತ್ತವನೂ ಎದ್ದು ತಟ್ಟೆ ಹಿಡಿಯುತ್ತಾನೆ. ಆಮೇಲೆ ಒಬ್ಬೊಬ್ಬರಾಗಿ ಕೇಳತೊಡಗಿದರು. ಕೋಳಿ? ಮೀನು. ಹಂದಿ? ಮೀನು. ಮೀನುಗಾರರ ಸಂಘದವನೊಬ್ಬ ಮಾತ್ರ ಸಿಟ್ಟಾದ. ದನ ಮೀನಾಗುವುದಾದರೆ ಇಪೋಲಿತೊ ಮೀನು ಹಿಡಿಯುವ ಪರವಾನಗಿ ಮಾಡಿಸಲಿ, ನಾವೆಲ್ಲ ಮಾಡಿಸಿಲ್ಲವೆ ಎಂದ. ಅವನ ಮಾತಿನಲ್ಲಿ ನ್ಯಾಯವಿತ್ತು, ಅಧ್ಯಕ್ಷರು ವಿಚಾರ ಮಾಡುವುದಾಗಿ ಹೇಳಿದರು.

ಪಾದ್ರಿಗಳ ಮುಖ ಬಿಳಿಚಿತ್ತು. "ಡಾಕ್ಟರ್, ಹಾಗಾದ್ರೆ ನಾನು?"

"ನೀವೂ ಸ್ವಾಮಿ."

"ಧರ್ಮಾಧ್ಯಕ್ಷರು?"

"ಅವರೂ."

"ಅಂದ್ರೆ ಶುಭ ಶುಕ್ರವಾರ ಮನುಷ್ಯ ಮನುಷ್ಯನನ್ನ ತಿಂದ್ರೆ?"

ಎವೆಲಿಯೊ ಪ್ರಾಮಾಣಿಕವಾಗಿ ಯೋಚಿಸಿದ. "ಅದು ಕೊಲೆ ಸ್ವಾಮಿ. ಆದ್ರೆ ಉಪವಾಸ ಮುರಿದ ಹಾಗಾಗಲ್ಲ." ಆಮೇಲೆ ತಡವರಿಸಿ, "ಅಥವಾ ಮೀನು ಅನ್ನೋದೇ ಇಲ್ಲ ಅಂತಲೂ ಹೇಳಬೋದು" ಎಂದು ಸೇರಿಸಿದ. ಅದನ್ನು ಯಾರು ಕೇಳುತ್ತಾರೆ? ಕೊಟ್ಟ ಮಾತಿಗೆ ಕಟ್ಟುಬಿದ್ದು ಪಾದ್ರಿಗಳು, ಚಿಗ್ವಿರೆಯ ಬಗ್ಗೆ ಹೇಳಿದ್ದನ್ನು ಹಿಂದಕ್ಕೆ ಪಡೆದಿದ್ದೇನೆ ಎಂದಷ್ಟು ಹೇಳಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಕಸಿಲ್ದಾಳಿಗೆ ಅಷ್ಟೇ ಬೇಕಿತ್ತು. ಆ ದಿನ ಮನೆಗೆ ಹೋಗಿ ಹೊಟ್ಟೆ ತುಂಬ ತಿಂದು ಮಲಗಿದಳು. ನಿಕಾನೊರ್ ಮರಳಿ ಮೇಲೇರಿದ್ದ.

ಆ ವಾರವೆಲ್ಲ ಊರಿನವರು ಗೋಡೆಯ ಮರಕ್ಕೆ ತಮ್ಮತಮ್ಮ ಕೊಂಬೆ ಸೇರಿಸುವುದರಲ್ಲಿ ಕಳೆದರು. ಸೋಲೊರ್ಸಾನೊ ಮನೆಯವರನ್ನು ಮೊಸಳೆಯ ಪಕ್ಕ ಬರೆದವರು ಯಾರು ಎಂದು ಎರಡು ಸಲ ಹೊಡೆದಾಟವಾಯಿತು. ಆಚೆ ದಡದವರನ್ನು ಮಾತ್ರ ಎಲ್ಲರೂ ಒಮ್ಮತದಿಂದ ಮರದ ಹೊರಗಿಟ್ಟರು.

ಶುಭ ಶುಕ್ರವಾರ ಬೆಳಿಗ್ಗೆ ಕಸಿಲ್ದಾ ಎದ್ದು, ಹಿಂದಿನ ದಿನವೇ ನೆನೆಹಾಕಿದ್ದ ಒಣ ಚಿಗ್ವಿರೆಯನ್ನು ಬೇಯಿಸಿ, ಕುಟ್ಟಿ ಎಳೆಎಳೆ ಮಾಡಿ, ಈರುಳ್ಳಿ ಟೊಮೆಟೊ ಹಾಕಿ ಹುರಿದಳು. ಆ ಅಡುಗೆಯಲ್ಲಿ ಆಕೆಯನ್ನು ಮೀರಿಸಿದವರಿಲ್ಲ. ನಿಕಾನೊರ್ ಬದುಕಿರುವವರೆಗೂ ಎರಡನೆಯ ಸಲ ಬಡಿಸಿಕೊಳ್ಳದೆ ಏಳುತ್ತಿರಲಿಲ್ಲ. ಒಲೆಯ ಮುಂದೆ ನಿಂತಿದ್ದಾಗ ಕಿಟಕಿಯಿಂದ ಬೇರೊಂದು ವಾಸನೆ ಒಳಗೆ ಬಂತು. ಕೊಬ್ಬು ಬೆಂಕಿಗೆ ಬೀಳುವ ವಾಸನೆ. ಮುಸುಕು ಹಾಕಿಕೊಂಡು ಹೊರಟಳು.

ಇಪೋಲಿತೊ ಅಂಗಡಿಯ ಮುಂದೆ ದೊಡ್ಡ ಬೆಂಕಿ ಹಾಕಿ ಎರಡು ದನದ ಪಕ್ಕೆಲುಬುಗಳನ್ನು ಕೋಲಿಗೆ ಚುಚ್ಚಿ ನಿಲ್ಲಿಸಿದ್ದ. ಮೇಲೆ ಹಲಗೆಯಲ್ಲಿ 'ಮೀನು' ಎಂದು ಬರೆದಿತ್ತು. ಸುತ್ತಲೂ ಊರಿಗೆ ಊರೇ ತಟ್ಟೆ ಹಿಡಿದು ನಿಂತಿತ್ತು. ನಿಂತಿತ್ತು ಅಷ್ಟೆ. ಯಾರೂ ಕೈ ಹಾಕಿರಲಿಲ್ಲ. ಅಧ್ಯಕ್ಷರು ಮೊದಲು ತಿನ್ನಲಿ ಎಂದು ಜನ, ಜನ ಮೊದಲು ತಿನ್ನಲಿ ಎಂದು ಅಧ್ಯಕ್ಷರು. ವಿದ್ಯೆ ಎಷ್ಟು ಹೇಳಿದರೂ ಶುಭ ಶುಕ್ರವಾರ ಮೊದಲ ತುತ್ತು ಎತ್ತುವ ಗಂಡಸು ನಮ್ಮೂರಿನಲ್ಲಿ ಹುಟ್ಟಿರಲಿಲ್ಲ. ಮಾಂಸ ಕರಗುತ್ತ, ಸೀಯುತ್ತ ಹೋಯಿತು.

"ಮಾನ ಇದೆಯೇನೋ ನಿನಗೆ?" ಎಂದಳು ಕಸಿಲ್ದಾ. "ಯಾವ ದಿನ ಇದು?"

"ನನ್ನ ಮೇಲೆ ಯಾಕೆ ರೇಗ್ತೀಯಾ? ಡಾಕ್ಟ್ರನ್ನ ಕೈ ಹಿಡಿದು ಕರ್ಕೊಂಡು ಬಂದೋಳು ನೀನೇ. ಚಿಗ್ವಿರೆ ಮೀನಾಗ್ಬೇಕು, ದನ ಆಗ್ಬಾರ್ದು ಅಂದ್ರೆ ಹೇಗೆ?" ಇಪೋಲಿತೊ ಕೋಲು ತಿರುಗಿಸುತ್ತ ನಕ್ಕ. "ಅಯ್ಯೋ, ಇವತ್ತು ನಿಕಾನೊರ್ ಇರ್ಬೇಕಿತ್ತು ಕಣೇ. ಈ ಬೆಂಕಿ ಪಕ್ಕ ಬಿಟ್ಟು ಏಳ್ತಿರ್ಲಿಲ್ಲ. ಪಾಪ, ಕೊನೇವರ್ಗೂ ಆ ಚಿಗ್ವಿರೆ ನುಂಗಿ ನುಂಗಿನೇ ಹೋದ."

"ನುಂಗಿ ನುಂಗಿ ಅಂದ್ರೆ?"

ಇಪೋಲಿತೊನ ಕೈ ನಿಂತಿತು. ತಲೆ ತಗ್ಗಿಸಿ ಬೆಂಕಿ ಕೆದಕಿದ. ಆಕೆ ಅವನ ಅಂಗಿ ಹಿಡಿದು ಜಗ್ಗಿದಳು.

"ಹೇಳು. ನುಂಗಿ ಅಂದ್ರೆ ಏನು?"

"ನಿನಗೆ ಗೊತ್ತಿಲ್ಲ ಅಂತ ನನಗೇನು ಗೊತ್ತಿತ್ತು? 'ತೊರೆ ಕೆಸರೇ ಬಾಯಿಗೆ ಹಾಕ್ಕೊಂಡ ಹಾಗಾಗುತ್ತೆ ಕಣೋ' ಅಂತಿದ್ದ. ವಾಸನೇನೇ ಆಗ್ತಿರ್ಲಿಲ್ಲ ಅವನಿಗೆ. ತಪಸ್ಸು ಕಾಲ ಪೂರ್ತಿ ನನ್ನ ಅಂಗಡಿ ಬೀದಿಗೇ ಬರ್ತಿರ್ಲಿಲ್ಲ, ಬೀಗ ಹಾಕಿದ ಬಾಗಿಲು ನೋಡಿದ್ರೂ ಬಾಯಲ್ಲಿ ನೀರು ಬರುತ್ತೆ ಅಂತ."

"ಸುಳ್ಳು. ಎರಡನೇ ಸಲ ಬಡಿಸ್ಕೊಳ್ತಿದ್ದ."

"ನಾನೂ ಅದನ್ನೇ ಕೇಳಿದ್ದೆ. 'ಮೊದಲ್ನೇ ತಟ್ಟೆ ದೇವರಿಗೆ, ಎರಡನೇದು ಕಸಿಲ್ದಾಗೆ' ಅಂದ."

ಕಸಿಲ್ದಾ ಅವನ ಅಂಗಿ ಬಿಟ್ಟಳು. ಜನ ಏನೋ ಕೇಳಿದರು, ಉತ್ತರ ಕೊಡದೆ ನಡೆದುಬಿಟ್ಟಳು. ಆ ಪಕ್ಕೆಲುಬುಗಳನ್ನು ಕತ್ತಲಾಗುವ ಹೊತ್ತಿಗೆ ನಾಯಿಗಳು ಎಳೆದುಕೊಂಡು ಹೋದವು.

ಇಗರ್ಜಿಯೊಳಗೆ ಪಾದ್ರಿಗಳು ಪಾಪನಿವೇದನೆಯ ಗೂಡಿನಲ್ಲಿ ಒಬ್ಬರೇ ಕೂತಿದ್ದರು. ಊರೆಲ್ಲ ಬೆಂಕಿಯ ಹತ್ತಿರವಿದ್ದಾಗ ಇನ್ನಾರು ಬರುತ್ತಾರೆ? ಕಸಿಲ್ದಾ ಜಾಲರಿಯ ಈಚೆ ಮೊಣಕಾಲೂರಿದಳು.

"ನಿಮ್ಮ ಗಂಡನ ವಿಷಯಾನಾ ಅಮ್ಮ?" ಎಂದರು ಅವರೇ.

"ಅಲ್ಲ ಸ್ವಾಮಿ. ನನ್ನ ವಿಷಯ." ಆಕೆ ಜಾಲರಿ ಹಿಡಿದುಕೊಂಡಳು. "ನನಗೆ ದನದ ಮಾಂಸ ಅಂದ್ರೆ ಅಷ್ಟಕ್ಕಷ್ಟೇ. ಇಡೀ ವರ್ಷ ನಾನು ಕಾಯೋದು ಚಿಗ್ವಿರೆಗೆ. ತಪಸ್ಸು ಕಾಲ ಬಂತು ಅಂದ್ರೆ ನನಗೆ ಹಬ್ಬ. ಮದುವೆ ಆದಾಗಿಂದ ಒಂದೇ ಒಂದು ದಿನ ನಾನು ಉಪವಾಸ ಮಾಡಿಲ್ಲ. ಮಾಡಿದ್ದೆಲ್ಲ ಅವನು. ನಾನು ಬಾಯಿ ಚಪ್ಪರಿಸ್ತಾ ಅವನೆದುರು ಕೂತಿರ್ತಿದ್ದೆ. ಅದನ್ನ ನೋಡ್ಕೊಂಡು ಅವನು ಆ ಕೆಸರನ್ನ ನುಂಗಿದ್ದಾನೆ. ಸಾಯೋವಾಗ್ಲೂ ಅದೇ ಅವನ ಬಾಯಲ್ಲಿತ್ತು."

ಇಪೋಲಿತೊ ಹೇಳಿದ್ದನ್ನು ಹೇಳಿದಳು. ಎರಡನೆಯ ತಟ್ಟೆಯ ಮಾತನ್ನು ಎರಡು ಸಲ ಹೇಳಿದಳು.

ಗೌದೆನ್ಸಿಯೊ ಅವರಿಗೆ ತಮ್ಮ ಊರಿನ ತಣ್ಣೀರಿನ ಮೀನುಗಳು ನೆನಪಾಗಿರಬೇಕು. ಬೆಣ್ಣೆಯಲ್ಲಿ ಹುರಿದು ಶುಕ್ರವಾರಗಳಂದು ಅಮ್ಮ ಬಡಿಸುತ್ತಿದ್ದದ್ದು, ಅದಕ್ಕಾಗಿ ತಾವು ವಾರವಿಡೀ ಕಾಯುತ್ತಿದ್ದದ್ದು. ಅದನ್ನು ಅವರು ಬಹಳ ದಿನಗಳ ಮೇಲೆ ನಮ್ಮಲ್ಲಿ ಒಬ್ಬರಿಗೆ ಹೇಳಿಕೊಂಡರು. ಆಗ ಆಕೆಗೆ ಹೇಳಿದ್ದು ಇಷ್ಟೇ: "ನಿಮ್ಮ ಗಂಡ ತಿಂದದ್ದು ಮೀನೋ ಇಲಿಯೋ ನನಗೆ ಗೊತ್ತಿಲ್ಲ ಅಮ್ಮ. ಅವನು ಉಪವಾಸದಲ್ಲೇ ಸತ್ತ. ಅಷ್ಟು ಗೊತ್ತು."

"ಹಾಗಾದ್ರೆ ಅವನ ಆತ್ಮ ಮೇಲೇರೋಕೆ ಇನ್ನು ಎಷ್ಟು ಪೂಜೆ ಮಾಡಿಸ್ಬೇಕು?"

"ಒಂದೂ ಬೇಡ. ಅವನಿಗೋಸ್ಕರ ನೀವು ಪ್ರಾರ್ಥನೆ ಮಾಡೋದು ಸಾಕು. ನಿಮಗೋಸ್ಕರ ದೇವರ ಹತ್ತಿರ ಬೇಡ್ಕೋ ಅಂತ ಅವನಿಗೇ ಹೇಳಿ. ನನ್ನ ಹೆಸರನ್ನೂ ಸೇರಿಸಿ."

ಕಸಿಲ್ದಾ ಎದ್ದು ಬಂದು ಖಾಲಿ ಬೆಂಚಿನ ಮೇಲೆ ಕೂತಳು. ಇಷ್ಟು ವರ್ಷ ನಿಕಾನೊರ್‌ನ ಬಗ್ಗೆ ದೇವರ ಹತ್ತಿರ ಮಾತಾಡಿದ್ದಳೇ ಹೊರತು ನಿಕಾನೊರ್‌ನ ಹತ್ತಿರ ಒಂದು ಮಾತೂ ಆಡಿರಲಿಲ್ಲ. ಈಗ ಬಾಯಿ ತೆರೆದರೆ ಪ್ರಾರ್ಥನೆ ಬರಲಿಲ್ಲ.

"ಹೇಳೋಕೇನಾಗಿತ್ತು ನಿನಗೆ, ಮೂದೇವಿ?" ಎಂದಳು. "ಒಂದು ಮಾತು ಅಂದಿದ್ರೆ ಬಾಗ್ರೆ ಹುರಿದು ಹಾಕ್ತಿರ್ಲಿಲ್ವಾ ನಾನು?"

ಆಮೇಲೆ ಮುಸುಕನ್ನು ಮುಖದ ಮೇಲೆ ಎಳೆದುಕೊಂಡು, ಅವನನ್ನು ಬಯ್ಯುತ್ತ, ಬಹಳ ಹೊತ್ತು ಅಲ್ಲಿಯೇ ಕೂತಿದ್ದಳು.